ಫೈಲು ಪ್ರೆಸ್ಸಿನ ಬಾಗಿಲು ದಾಟುವ ಮುನ್ನ

ಅಕ್ಟೋಬರ್ ಅರ್ಧ ಕಳೆಯಿತೆಂದರೆ ಹೈದರಾಬಾದಿನ ಕನ್ನಡಿಗರ ಫೋನುಗಳಲ್ಲಿ ಎರಡೇ ಪ್ರಶ್ನೆ ಓಡಾಡುತ್ತವೆ: ಆಹ್ವಾನ ಪತ್ರಿಕೆ ಪ್ರೆಸ್ಸಿಗೆ ಹೋಯಿತೆ? ಸ್ಮರಣ ಸಂಚಿಕೆಗೆ ಇನ್ನೂ ಯಾರ ಲೇಖನ ಬರಬೇಕು? ರಾಜ್ಯೋತ್ಸವ ಮುಗಿದ ಮೇಲೆ ತುಳಸಿ ಲಗ್ನ ಕಳೆದು ಮದುವೆಗಳ ಕಾಲ ಶುರು. 1956ರ ನವೆಂಬರ್ 1ರವರೆಗೆ ಬೀದರ, ಕಲಬುರಗಿ, ರಾಯಚೂರಿನವರಿಗೆ ಇದೇ ರಾಜಧಾನಿಯಾಗಿತ್ತು. ಆ ನಂಟು ಪೂರ್ತಿ ಹರಿದಿಲ್ಲ. ಮದುವೆ ಜವಳಿಗೆಂದು ಆ ಕಡೆಯಿಂದ ಬಂದವರು ಲಗ್ನಪತ್ರಿಕೆಯನ್ನೂ ಇಲ್ಲೇ ಮಾಡಿಸಿಕೊಂಡು ಹೋಗುವುದುಂಟು. ಹೀಗೆ ವರ್ಷದ ಈ ಎರಡು ಮೂರು ತಿಂಗಳು ಈ ಊರಿನ ಪ್ರೆಸ್ಸುಗಳಲ್ಲಿ ಕನ್ನಡ ಸಾಕಷ್ಟು ಅಚ್ಚಾಗುತ್ತದೆ. ಅಚ್ಚಾದದ್ದರಲ್ಲಿ ತಪ್ಪೂ ಸಾಕಷ್ಟಿರುತ್ತದೆ. ತಿದ್ದಿಕೊಳ್ಳಲು ಇನ್ನೂ ವೇಳೆ ಇರುವಾಗಲೇ ಆ ಬಗ್ಗೆ ನಾಲ್ಕು ಮಾತು ಬರೆಯುತ್ತಿದ್ದೇನೆ.

ಗದಗಿನಲ್ಲೋ ಬೆಂಗಳೂರಿನಲ್ಲೋ ಪುಸ್ತಕ ಅಚ್ಚು ಹಾಕಿಸಿದರೆ ಡಿಟಿಪಿ ಮಾಡುವವರು, ಪ್ಲೇಟ್ ಹಾಕುವವರು, ಫಾರಂ ಮಡಿಸುವವರು ಎಲ್ಲರೂ ಕನ್ನಡ ಬಲ್ಲವರೇ. ‘ಇದೇನ್ರೀ, ಮುಖಪುಟದಲ್ಲೇ ದೀರ್ಘ ಬಿಟ್ಟಿದೀರಲ್ಲ’ ಎಂದು ಅವರಲ್ಲಿ ಒಬ್ಬರಾದರೂ ಹೇಳುತ್ತಾರೆ. ಹೈದರಾಬಾದಿನಲ್ಲಿ ಹಾಗೆ ಹೇಳುವವರಿಲ್ಲ. ನಮ್ಮ ಫೈಲು ಪ್ರೆಸ್ಸಿನ ಬಾಗಿಲು ದಾಟಿದ ಮೇಲೆ ಅದನ್ನು ಓದುವವರೇ ಇಲ್ಲ. ನೋಡುವವರು ಮಾತ್ರ ಇದ್ದಾರೆ. ಆದ್ದರಿಂದ ಇಲ್ಲಿನ ಕನ್ನಡಿಗರು ಕೊಡುವ ಫೈಲು, ಮತ್ತೆ ಯಾರೂ ಕೈ ಹಾಕುವ ಅಗತ್ಯವಿಲ್ಲದಷ್ಟು ಮುಗಿದ ಫೈಲಾಗಿರಬೇಕು. ನಾನು ಹೇಳಬೇಕೆಂದಿರುವುದು ಇಷ್ಟೇ. ಉಳಿದದ್ದೆಲ್ಲ ಹಾಗೆ ಮುಗಿಸುವುದು ಹೇಗೆ ಎಂಬ ವಿವರ.

ಪ್ರೆಸ್ಸಿನವರನ್ನು ದೂರುವ ಮಾತಲ್ಲ ಇದು. ಮುದ್ರಣದ ಕಸುಬಿನಲ್ಲಿ ಹೈದರಾಬಾದ್ ಸಣ್ಣ ಊರಲ್ಲ. ಉಸ್ಮಾನಿಯಾ ವಿಶ್ವವಿದ್ಯಾಲಯದ ಆವರಣದಲ್ಲಿರುವ ದಾಯಿರತುಲ್ ಮಆರಿಫ್ ಸಂಸ್ಥೆ 1888ರಲ್ಲಿ ಹುಟ್ಟಿದ್ದು. ಹಳೆಯ ಅರಬ್ಬಿ ಹಸ್ತಪ್ರತಿಗಳನ್ನು ಸಂಪಾದಿಸಿ ಅಚ್ಚು ಹಾಕುವುದೇ ಅದರ ಕೆಲಸ. ಪರುಚೂರಿ ಹನುಮಂತರಾವ್ 1962ರಲ್ಲಿ ಕಟ್ಟಿದ ಪ್ರಗತಿ ಆಫ್‌ಸೆಟ್‌ಗೆ ಬಣ್ಣದ ಮುದ್ರಣದಲ್ಲಿ ದೇಶದ ಆಚೆಗೂ ಹೆಸರಿದೆ. ಇನ್ನು ನಯಾಪುಲ್ ದಾಟಿ ಒಳಗೆ ಹೋದರೆ ಛತ್ತಾ ಬಜಾರ್. ಅಂಗಡಿಗೆ ಅಂಗಡಿ ತಾಗಿಕೊಂಡಿರುವ ಲಗ್ನಪತ್ರಿಕೆಯ ಬೀದಿ ಅದು. ಅಲ್ಲಿ ಒಂದು ಕಾಲದಲ್ಲಿ ಕಾತಿಬರು ಕೂತು ಉರ್ದು ಅಕ್ಷರಗಳನ್ನು ಕೈಯಲ್ಲೇ ಬರೆದು ಕೊಡುತ್ತಿದ್ದರು. ಬರೆಯುವವನೇ ಓದುವವನೂ ಆಗಿದ್ದುದರಿಂದ ಹೆಸರು ತಪ್ಪಾಗಿದ್ದರೆ ಅವನಿಗೇ ಗೊತ್ತಾಗುತ್ತಿತ್ತು. 1994ರಲ್ಲಿ ಇನ್‌ಪೇಜ್ ತಂತ್ರಾಂಶ ಬಂದ ಮೇಲೆ ಆ ಕೆಲಸ ಬಹುಪಾಲು ಕಂಪ್ಯೂಟರಿಗೆ ಹೋಯಿತು. ಮೊಳೆ ಜೋಡಿಸುತ್ತಿದ್ದ ಕಂಪೋಜಿಟರುಗಳ ಕಾಲವೂ ಹೀಗೆಯೇ ಮುಗಿಯಿತು. ಒಂದೊಂದು ಮೊಳೆಯನ್ನೂ ಆರಿಸಿ ಇಡುವವನಿಗೆ ಭಾಷೆ ಗೊತ್ತಿರಲೇಬೇಕಿತ್ತು. ಪಿಡಿಎಫ್ ತೆರೆದು ಪ್ಲೇಟ್ ಹೊಡೆಯುವವನಿಗೆ ಆ ಅಗತ್ಯವಿಲ್ಲ.

ಲಿಪಿಯ ಹೋಲಿಕೆಯೂ ನಮ್ಮನ್ನು ಸ್ವಲ್ಪ ಮೋಸಗೊಳಿಸುತ್ತದೆ. ಕನ್ನಡ, ತೆಲುಗು ಅಕ್ಷರಗಳು ಅಕ್ಕತಂಗಿಯರು, ತೆಲುಗು ಆಪರೇಟರ್ ಹೇಗೋ ಓದಿಕೊಳ್ಳುತ್ತಾನೆ ಎಂದು ನಂಬಿಬಿಡುತ್ತೇವೆ. ಗ, ದ, ನ, ಮ ಅವನಿಗೆ ತಿಳಿಯುತ್ತವೆ, ನಿಜ. ಕ, ತ, ಶ ಬಂದಾಗ ತಡವರಿಸುತ್ತಾನೆ. ಅರ್ಕಾವತ್ತು ಬಂದರಂತೂ ಅವನ ಕಣ್ಣು ನೆರವಿಗೆ ಬರುವುದಿಲ್ಲ. ನಾವು ‘ಕಾರ್ಯ’ ಎಂದು ಬರೆದು ರಕಾರವನ್ನು ಬಲಕ್ಕೆ ಕೊಂಬಿನಂತೆ ಏರಿಸುತ್ತೇವೆ. ತೆಲುಗಿನಲ್ಲಿ ರ ಬರೆದು ಅದಕ್ಕೆ ಯ ಒತ್ತು ಕೊಡುವುದೇ ರೂಢಿ. ಕಂಪ್ಯೂಟರಿನ ಯಾವುದೋ ಎಡವಟ್ಟಿನಿಂದ ನಮ್ಮ ‘ಕಾರ್ಯಕ್ರಮ’ವು ‘ಕಾರ‍್ಯಕ್ರಮ’ ಆಗಿ ಕೂತರೆ ಅವನಿಗೆ ಅದೇ ಸರಿಯಾಗಿ ಕಾಣುತ್ತದೆ. ಅವನದು ಅದರಲ್ಲಿ ಏನೂ ತಪ್ಪಿಲ್ಲ.

ಇಲ್ಲಿನ ಒಂದು ಕನ್ನಡ ಸಂಘದ ಕರಪತ್ರ ಈಚೆಗೆ ಕೈಗೆ ಬಂತು. ದಪ್ಪ ಆರ್ಟ್ ಪೇಪರ್, ಒಳ್ಳೆಯ ಬಣ್ಣ, ಮೇಲೆ ಭುವನೇಶ್ವರಿಯ ಚಿತ್ರ. ಅತಿಥಿಗಳ ಸಾಲಿನಲ್ಲಿ ಮಾತ್ರ ‘ಶ್‌ರೀ’, ‘ಕೃಷ್‌ಣ’, ‘ಅಧ್‌ಯಕ್‌ಷರು’. ಅದರ ವರ್ಡ್ ಫೈಲಿನಲ್ಲಿ ಎಲ್ಲವೂ ಸರಿಯಾಗಿಯೇ ಇತ್ತಂತೆ. ಪ್ರೆಸ್ಸಿನಲ್ಲಿ ಆ ಬರಹವನ್ನು ಕಾಪಿ ಮಾಡಿ ಹಳೆಯ ಡಿಸೈನ್ ತಂತ್ರಾಂಶಕ್ಕೆ ಅಂಟಿಸಿದ್ದಾರೆ, ಅಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿ ಒಡೆದಿವೆ. ಸಾವಿರ ಪ್ರತಿ ಅಚ್ಚಾಗಿ ಹಂಚಿಕೆಯೂ ಆಗಿತ್ತು.

ಇದು ಯಾಕೆ ಹೀಗಾಗುತ್ತದೆಂದು ತಿಳಿದುಕೊಂಡರೆ ಅರ್ಧ ಕೆಲಸ ಮುಗಿದಂತೆ. ಯೂನಿಕೋಡಿನಲ್ಲಿ ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಖ್ಯೆಗಳಿವೆ; ಕ, ಅರ್ಧಚಿಹ್ನೆ, ಷ ಎಂದು ಮೂರು ಸಂಕೇತ ಸಾಲಾಗಿ ಬಂದರೆ ಅದನ್ನು ‘ಕ್ಷ’ ಎಂದು ಕೂಡಿಸಿ ತೋರಿಸುವ ಜವಾಬ್ದಾರಿ ತಂತ್ರಾಂಶದ್ದು. ಇಂದಿನ ಮೊಬೈಲುಗಳು ಅದನ್ನು ಸಲೀಸಾಗಿ ಮಾಡುತ್ತವೆ. ಆದರೆ ನಮ್ಮ ಸಣ್ಣ ಪ್ರೆಸ್ಸುಗಳಲ್ಲಿ ಇನ್ನೂ ಪುಟ ಕಟ್ಟುವ ಹಳೆಯ ತಂತ್ರಾಂಶ ಪೇಜ್‌ಮೇಕರ್ ಬಿಟ್ಟುಕೊಡದವರಿದ್ದಾರೆ. ಅದರ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಯೂನಿಕೋಡ್ ಅದಕ್ಕೆ ಗೊತ್ತಿಲ್ಲ. ಫೋಟೊಶಾಪ್, ಕೋರೆಲ್‌ಡ್ರಾಗಳ ಹಳೆಯ ಆವೃತ್ತಿಗಳದೂ ಇದೇ ಕಥೆ. ಇನ್‌ಡಿಸೈನ್‌ನಲ್ಲಿ 2012ರ ಸಿಎಸ್6 ಆವೃತ್ತಿಯಿಂದ ಭಾರತೀಯ ಲಿಪಿಗಳಿಗೆ ಅನುಕೂಲವಿದೆ, ಆದರೂ ‘ವರ್ಲ್ಡ್ ರೆಡಿ ಕಂಪೋಸರ್’ ಎಂಬ ಆಯ್ಕೆಯನ್ನು ಒತ್ತದಿದ್ದರೆ ಅಲ್ಲಿಯೂ ಒತ್ತು ಒಡೆಯಬಹುದು.

ನುಡಿ, ಬರಹ, ಶ್ರೀಲಿಪಿ ತಂತ್ರಾಂಶಗಳ ಹಳೆಯ ಫಾಂಟುಗಳು ಬೇರೆ ದಾರಿ ಹಿಡಿದಿದ್ದವು. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿಟ್ಟಿದ್ದರಿಂದ ಅವು ಪೇಜ್‌ಮೇಕರಿನಲ್ಲೂ ಚೆನ್ನಾಗಿ ಮೂಡುತ್ತವೆ. ತೊಂದರೆ ಎಂದರೆ, ಆ ಫಾಂಟು ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಇರಲೇಬೇಕು. ಹೈದರಾಬಾದಿನ ಡಿಟಿಪಿ ಮೇಜುಗಳ ಮೇಲೆ ತೆಲುಗಿನ ಅನು ಫಾಂಟುಗಳಿರುತ್ತವೆ, ನುಡಿ ಇರುವುದಿಲ್ಲ. ನುಡಿ ಇಲ್ಲದ ಕಡೆ ಫೈಲು ತೆರೆದರೆ ‘ಕನ್ನಡ’ ಎಂಬ ಪದದ ಜಾಗದಲ್ಲಿ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ಪೌಂಡ್ ಹಣದ ಚಿಹ್ನೆ ಸಾಲಾಗಿ ನಿಲ್ಲುತ್ತವೆ. ಇದನ್ನು ಕಂಡವರಿಗೆಲ್ಲ ಆ ಸಾಲು ಕಣ್ಣಿಗೆ ಕಟ್ಟಿರುತ್ತದೆ.

ಹಾಗಾಗಿ ವರ್ಡ್ ಫೈಲನ್ನೋ ವಾಟ್ಸಾಪಿನಲ್ಲಿ ಟೈಪು ಮಾಡಿದ ಬರಹವನ್ನೋ ಪ್ರೆಸ್ಸಿಗೆ ಕಳಿಸುವ ಪದ್ಧತಿಯನ್ನು ಬಿಡಬೇಕು. ಪುಟವನ್ನು ನಾವೇ ಕಟ್ಟಿ, ಇಲ್ಲವೇ ಕನ್ನಡ ಬಲ್ಲವರಿಂದ ಕಟ್ಟಿಸಿ, ಪಿಡಿಎಫ್ ಮಾಡಿ ಕೊಡಬೇಕು. ಬೆಂಗಳೂರಿನಲ್ಲೋ ಕಲಬುರಗಿಯಲ್ಲೋ ಕೂತ ಒಬ್ಬ ಡಿಟಿಪಿ ಕೆಲಸಗಾರರು ಪುಟ ಕಟ್ಟಿ ಮೇಲ್ ಮಾಡಿದರೂ ಆಗುತ್ತದೆ. ಅಚ್ಚು ಇಲ್ಲಿ ಆಗಲಿ. ಅಡೋಬಿ ಸಂಸ್ಥೆ 1993ರಲ್ಲಿ ಪಿಡಿಎಫ್ ತಂದದ್ದೇ ಒಂದು ಕಂಪ್ಯೂಟರಿನಲ್ಲಿ ಕಂಡ ಪುಟ ಇನ್ನೊಂದರಲ್ಲೂ ಹಾಗೇ ಕಾಣಲಿ ಎಂದು. 2008ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವೂ ಆಯಿತು. ಆದರೆ ಪಿಡಿಎಫ್ ಎಂದ ಮಾತ್ರಕ್ಕೆ ಎಲ್ಲವೂ ಭದ್ರವಲ್ಲ. ಫಾಂಟು ಅದರೊಳಗೆ ಅಡಕವಾಗಿರಬೇಕು. ಅಕ್ರೋಬ್ಯಾಟ್ ರೀಡರಿನಲ್ಲಿ ಫೈಲು ತೆರೆದು ‘ಪ್ರಾಪರ್ಟೀಸ್’ಗೆ ಹೋಗಿ ‘ಫಾಂಟ್ಸ್’ ಎಂಬ ಪುಟ ನೋಡಿ. ಪ್ರತಿ ಫಾಂಟಿನ ಹೆಸರಿನ ಮುಂದೆ ‘ಎಂಬೆಡೆಡ್’ ಅಥವಾ ‘ಎಂಬೆಡೆಡ್ ಸಬ್‌ಸೆಟ್’ ಎಂದಿರಬೇಕು. ಒಂದರ ಮುಂದೆ ಇಲ್ಲದಿದ್ದರೂ ಆ ಫೈಲು ಕಳಿಸಬೇಡಿ. ಅರ್ಧ ನಿಮಿಷವೂ ಹಿಡಿಯದ ಈ ಪರೀಕ್ಷೆಯನ್ನು ಎಷ್ಟು ಜನ ಮಾಡುತ್ತಾರೆ?

‘ಕರ್ವ್ಸ್ ಚೇಸಿ ಪಂಪಂಡಿ ಸಾರ್’ ಎಂದು ಪ್ರೆಸ್ಸಿನವರು ಕೇಳುವುದುಂಟು. ಅಕ್ಷರಗಳನ್ನು ಗೆರೆಗಳ ಚಿತ್ರವಾಗಿ ಮಾರ್ಪಡಿಸಿ ಕೊಡಿ ಎಂಬುದು ಅದರ ಅರ್ಥ. ಆಹ್ವಾನ ಪತ್ರಿಕೆಗೆ, ಮುಖಪುಟಕ್ಕೆ ಇದು ತುಂಬ ಒಳ್ಳೆಯದು. ಫಾಂಟಿನ ಗೊಡವೆಯೇ ಇರುವುದಿಲ್ಲ. ಒಂದು ಎಚ್ಚರಿಕೆ: ಕರ್ವ್ಸ್ ಮಾಡಿದ ಮೇಲೆ ಒಂದು ಅಕ್ಷರ ತಿದ್ದಲೂ ಬರುವುದಿಲ್ಲ. ತಿದ್ದಬಹುದಾದ ಮೂಲ ಫೈಲನ್ನು ಬೇರೆ ಇಟ್ಟುಕೊಂಡೇ ಈ ಕೆಲಸ ಮಾಡಬೇಕು. ಹಾಗೆಯೇ, ‘ಓಪನ್ ಫೈಲ್ ಉಂದಾ?’ ಎಂದು ಕೇಳಿದ ತಕ್ಷಣ ಆ ಮೂಲ ಫೈಲನ್ನು ಕೊಟ್ಟುಬಿಡಬೇಡಿ. ತಿದ್ದುಪಡಿ ಇದ್ದರೆ ನಾವೇ ಮಾಡಿ ಹೊಸ ಪಿಡಿಎಫ್ ಕಳಿಸುತ್ತೇವೆ ಎನ್ನಿ. ಓಪನ್ ಫೈಲು ಪ್ರೆಸ್ಸಿನಲ್ಲಿ ತೆರೆದುಕೊಂಡರೆ ಮೇಲೆ ಹೇಳಿದ ಎಲ್ಲ ಒಡಕುಗಳೂ ಮತ್ತೆ ಒಳಗೆ ಬರುತ್ತವೆ.

ಅಳತೆಯ ವಿಷಯದಲ್ಲಿ ಹೊಸಬರು ಎಡವುವುದು ಒಂದೇ ಕಡೆ. ವರ್ಡ್ ತೆರೆದರೆ ಸಾಮಾನ್ಯವಾಗಿ ಎ4 ಪುಟ ಬರುತ್ತದೆ, ಅದರಲ್ಲೇ 12 ಪಾಯಿಂಟಿನಲ್ಲಿ ಪುಸ್ತಕ ಪೂರ್ತಿ ಟೈಪಾಗುತ್ತದೆ. ನಮ್ಮ ಕಥೆ, ಕವಿತೆ, ಸ್ಮರಣ ಸಂಚಿಕೆಗಳು ಅಚ್ಚಾಗುವುದು ಹೆಚ್ಚಾಗಿ ಡೆಮಿ 1/8ರಲ್ಲಿ, ಅಂದರೆ ಸುಮಾರು ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ. ಎ4 ಪುಟವನ್ನು ಆ ಅಗಲಕ್ಕೆ ಕುಗ್ಗಿಸಿದರೆ 12 ಪಾಯಿಂಟಿನ ಅಕ್ಷರ 8ಕ್ಕೆ ಇಳಿಯುತ್ತದೆ. ಇಂಗ್ಲಿಷ್ ಆ ಗಾತ್ರದಲ್ಲೂ ಕಷ್ಟಪಟ್ಟು ಓದಿಸಿಕೊಳ್ಳುತ್ತದೆ. ಕನ್ನಡದಲ್ಲಿ ‘ಸ್ತ್ರೀ’, ‘ಸ್ವಾತಂತ್ರ್ಯ’ದಂಥ ಪದಗಳ ಕೆಳಗಿನ ಒತ್ತುಗಳು ಮಸಿಯ ಚುಕ್ಕೆಯಾಗಿ ಬಿಡುತ್ತವೆ. ಓದುವವರಲ್ಲಿ ಹೆಚ್ಚಿನವರು ಅರವತ್ತು ದಾಟಿದವರು ಎಂಬುದನ್ನು ಮರೆಯಬಾರದು. ಮೊದಲ ದಿನವೇ ಪುಟದ ಗಾತ್ರ ನಿಗದಿ ಮಾಡಿ, ಆ ಗಾತ್ರದಲ್ಲೇ ಕೆಲಸ ಶುರು ಮಾಡಿ. ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡಿ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸು, ತಲಕಟ್ಟುಗಳಿಗೆ ತಾಗಬಾರದು. ಒಂದು ಪುಟವನ್ನು ಮನೆಯ ಪ್ರಿಂಟರಿನಲ್ಲಿ ನಿಜವಾದ ಅಳತೆಗೇ ತೆಗೆದು ಮನೆಯ ಹಿರಿಯರ ಕೈಗೆ ಕೊಟ್ಟರೆ ಉತ್ತರ ಅಲ್ಲೇ ಸಿಗುತ್ತದೆ.

ಫಾಂಟಿಗೆ ಪರದಾಡಬೇಕಾಗಿಲ್ಲ. ನೋಟೊ ಸೆರಿಫ್ ಕನ್ನಡ, ತಿರೋ ಕನ್ನಡ, ಶೀರ್ಷಿಕೆಗಳಿಗೆ ಬಾಲೂ ತಮ್ಮ, ಅನೇಕ್ ಕನ್ನಡ, ಇವೆಲ್ಲ ಯೂನಿಕೋಡ್ ಫಾಂಟುಗಳು, ಉಚಿತ, ಅಚ್ಚಿಗೂ ಬಳಸಬಹುದು. ಹತ್ತು ಫಾಂಟು ಬಳಸಿದ ಸಂಚಿಕೆಗಿಂತ ಎರಡರಲ್ಲೇ ಮುಗಿದದ್ದು ಓದಲು ಹಿತ.

ಈಗ ಕಪ್ಪಿನ ವಿಷಯಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ನಿಧಾನವಾಗಿ ಓದಿ. ದುಡ್ಡು ಉಳಿಯುವುದೂ ಇಲ್ಲೇ. ಕಂಪ್ಯೂಟರ್ ಪರದೆ ಕೆಂಪು, ಹಸಿರು, ನೀಲಿ ಬೆಳಕಿನಲ್ಲಿ ಬಣ್ಣ ತೋರಿಸುತ್ತದೆ. ಆಫ್‌ಸೆಟ್ ಯಂತ್ರದಲ್ಲಿರುವುದು ನಾಲ್ಕು ಮಸಿ: ಸಯಾನ್, ಮೆಜೆಂಟಾ, ಹಳದಿ, ಕಪ್ಪು. ಒಂದೊಂದಕ್ಕೂ ಬೇರೆ ಪ್ಲೇಟು. ವರ್ಡ್‌ನಂಥ ತಂತ್ರಾಂಶದಲ್ಲಿ ಮಾಡಿದ ಕಪ್ಪು ಅಕ್ಷರವನ್ನು ಈ ನಾಲ್ಕಕ್ಕೆ ಮಾರ್ಪಡಿಸುವಾಗ ಅದು ಬರಿ ಕಪ್ಪಾಗಿ ಉಳಿಯದೆ ನಾಲ್ಕು ಮಸಿಗಳ ಮಿಶ್ರಣವಾಗಬಹುದು. ಫೋಟೊಶಾಪಿನ ಒಂದು ಸಾಮಾನ್ಯ ಸೆಟ್ಟಿಂಗಿನಲ್ಲಿ ಅದರ ಲೆಕ್ಕ ಸಯಾನ್ 75, ಮೆಜೆಂಟಾ 68, ಹಳದಿ 67, ಕಪ್ಪು 90 ಎಂದು ಬರುತ್ತದೆ. ನಾಲ್ಕು ಪ್ಲೇಟುಗಳು ಕೂದಲೆಳೆಯಷ್ಟು ಸರಿದರೂ ಪ್ರತಿ ಅಕ್ಷರದ ಸುತ್ತ ಕೆಂಪು, ನೀಲಿ ನೆರಳು ಏಳುತ್ತದೆ. ಕನ್ನಡದ ಸಣ್ಣ ಸಣ್ಣ ಸುಳಿಗಳಲ್ಲಿ ಅದು ಇನ್ನೂ ಎದ್ದು ಕಾಣುತ್ತದೆ. ಬರಹದ ಕಪ್ಪು ಯಾವಾಗಲೂ ಕಪ್ಪು ಮಸಿ 100, ಉಳಿದ ಮೂರು ಸೊನ್ನೆ ಇರಬೇಕು. ಇದರಿಂದ ಇನ್ನೊಂದು ಲಾಭ: ಪ್ಲೇಟ್ ಆದ ಮೇಲೆ ಒಂದು ಹೆಸರಿನ ತಪ್ಪು ಸಿಕ್ಕಿತೆನ್ನಿ, ಕಪ್ಪಿನ ಪ್ಲೇಟೊಂದನ್ನೇ ಬದಲಿಸಿದರೆ ಸಾಕು. ಅಕ್ಷರ ನಾಲ್ಕು ಬಣ್ಣದಲ್ಲಿದ್ದರೆ ನಾಲ್ಕೂ ಪ್ಲೇಟಿನ ದುಡ್ಡು ಮತ್ತೆ ಕೊಡಬೇಕು.

ನಮ್ಮ ಬಾವುಟದ ಹಳದಿ ಕೆಂಪಿಗೂ ಇದೇ ಕಾಳಜಿ ಬೇಕು. ಪರದೆಯ ಮೇಲೆ ಹೊಳೆಯುವ ಹಳದಿ ಕಾಗದದಲ್ಲಿ ಸಪ್ಪೆಯಾಗುತ್ತದೆ, ಕೆಲವೊಮ್ಮೆ ಹಸಿರಿನತ್ತ ವಾಲುತ್ತದೆ. ಹಳದಿ ಮಸಿ 100ಕ್ಕೆ ಮೆಜೆಂಟಾ 10ರ ಆಸುಪಾಸು ಬೆರೆಸಿದರೆ ಅರಿಸಿನದ ಕಳೆ ಬರುತ್ತದೆ. ಕುಂಕುಮದ ಕೆಂಪಿಗೆ ಮೆಜೆಂಟಾ 100, ಹಳದಿ 100. ಪರದೆ ನೋಡಿ ಬಣ್ಣ ಒಪ್ಪಬೇಡಿ, ಅಂಕಿ ಬರೆದು ಕೊಡಿ. ಅಂಕಿಗೆ ಭಾಷೆಯ ತೊಡಕಿಲ್ಲ.

ಫೋಟೊಗಳು ವಾಟ್ಸಾಪಿನಲ್ಲಿ ಬರುತ್ತವೆ, ಅದನ್ನು ತಡೆಯಲಾಗದು. ಆದರೆ ಚಿತ್ರವಾಗಿ ಕಳಿಸಿದರೆ ವಾಟ್ಸಾಪ್ ಅದನ್ನು ಕುಗ್ಗಿಸಿಯೇ ಕಳಿಸುತ್ತದೆ. ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಇದ್ದ ಹಾಗೇ ಬರುತ್ತದೆ. ಜಾಹೀರಾತು ಕೊಡುವ ವ್ಯಾಪಾರಿಗಳಿಗೆ, ಲೇಖಕರಿಗೆ ಈ ಒಂದು ಸಾಲು ಮೊದಲೇ ತಿಳಿಸಿಬಿಡಿ. ಅಚ್ಚಿಗೆ ಇಂಚಿಗೆ 300 ಪಿಕ್ಸೆಲ್ ಎಂಬುದು ರೂಢಿಯ ಲೆಕ್ಕ. ಡೆಮಿ ಪುಟದ ಪೂರ್ತಿ ಅಗಲಕ್ಕೆ ಹಾಕುವ ಗುಂಪು ಫೋಟೊ 1650 ಪಿಕ್ಸೆಲ್ಲಿಗಿಂತ ಕಡಿಮೆ ಇದ್ದರೆ ಮುಖಗಳು ಮಸುಕಾಗುತ್ತವೆ. ಚಿಕ್ಕ ಚಿತ್ರದ ಅಂಕಿಯನ್ನು ಫೋಟೊಶಾಪಿನಲ್ಲಿ 300ಕ್ಕೆ ಏರಿಸಿದ ಮಾತ್ರಕ್ಕೆ ಇಲ್ಲದ ವಿವರ ಹುಟ್ಟುವುದಿಲ್ಲ. ವಿಸಿಟಿಂಗ್ ಕಾರ್ಡಿನ ಫೋಟೊ ತೆಗೆದು ಅದನ್ನೇ ಪೂರ್ಣ ಪುಟದ ಜಾಹೀರಾತು ಮಾಡುವ ಅಭ್ಯಾಸ ನಿಲ್ಲಬೇಕು. ದುಡ್ಡು ಕೊಟ್ಟವರಿಗೆ ನಾವು ಮಾಡುವ ಅನ್ಯಾಯ ಅದು.

ಬಣ್ಣ ಅಂಚಿನವರೆಗೆ ಹೋಗುವ ಪುಟಕ್ಕೆ ನಾಲ್ಕೂ ಕಡೆ 3 ಮಿಲಿಮೀಟರ್ ಬ್ಲೀಡ್, ಅಂದರೆ ಕತ್ತರಿಸಿ ತೆಗೆಯುವ ಹೆಚ್ಚಿನ ಅಂಚು, ಬಿಡಿ, ಬರಹವನ್ನು ಕತ್ತರಿಯ ಅಂಚಿನಿಂದ ದೂರವಿಡಿ, ಬೈಂಡಿಂಗ್ ಕಡೆ ಇನ್ನೂ ಹೆಚ್ಚು ಜಾಗ ಕೊಡಿ. ಪುಟಗಳು 16ರ ಫಾರಂ ಲೆಕ್ಕದಲ್ಲಿ ಸಾಗುತ್ತವೆ. 163 ಪುಟದ ಪುಸ್ತಕ ಕೊಟ್ಟರೆ ಕೊನೆಯ ಮೂರು ಪುಟಕ್ಕೆ ಬೇರೆ ಫಾರಂ ಬೇಕು. 160ಕ್ಕೆ ಇಳಿಸಿ, ಇಲ್ಲವೆ ಒಂದೆರಡು ಲೇಖನ ಸೇರಿಸಿ. ಪುಸ್ತಕದ ಬೆನ್ನಿನ ಅಗಲ ಊಹಿಸಬೇಡಿ. 160 ಪುಟ ಎಂದರೆ 80 ಹಾಳೆ; ಹಾಳೆಯ ದಪ್ಪವನ್ನು ಪ್ರೆಸ್ಸಿನವರಿಂದಲೇ ಕೇಳಿ ಗುಣಿಸಿ, ಆಮೇಲೆ ಮುಖಪುಟ ಮಾಡಿಸಿ. ನೂರಿನ್ನೂರು ಪ್ರತಿಗಳಾದರೆ ಸಾಮಾನ್ಯವಾಗಿ ಡಿಜಿಟಲ್ ಮುದ್ರಣವೇ ಅಗ್ಗ. ಪ್ರತಿ ಹೆಚ್ಚಾದಂತೆ ಆಫ್‌ಸೆಟ್ ಗಿಟ್ಟುತ್ತದೆ.

ಪ್ರೂಫ್ ಕಡೆಯದು, ಎಲ್ಲಕ್ಕಿಂತ ದೊಡ್ಡದು. ಪಿಡಿಎಫ್ ಮಾಡಿದ ಮೇಲೆ ಆ ಪಿಡಿಎಫನ್ನೇ ಓದಬೇಕು, ಅದರ ಹಿಂದಿನ ವರ್ಡ್ ಫೈಲನ್ನಲ್ಲ. ಲೇಖನಗಳನ್ನು ಬರೆದವರು ಓದಲಿ. ಹೆಸರು, ತಾರೀಕು, ವಾರ, ಫೋನ್ ನಂಬರ್, ಸಭಾಂಗಣದ ವಿಳಾಸ ಇವನ್ನು ಆ ಫೈಲನ್ನು ಎಂದೂ ನೋಡದ ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಮೂಲ ಪಟ್ಟಿ ಹಿಡಿದು ತಾಳೆ ನೋಡಬೇಕು. ಲಗ್ನಪತ್ರಿಕೆಯಾದರೆ ಎರಡೂ ಕಡೆಯವರು ಒಬ್ಬೊಬ್ಬರು. ಆಮೇಲೆ ಪ್ರೆಸ್ಸಿಗೆ ಹೋಗಿ, ಅವರು ಪ್ಲೇಟಿಗೆ ಮುನ್ನ ತೆಗೆದ ಪ್ರೂಫನ್ನು ನಮ್ಮ ಪ್ರಿಂಟಿನ ಪಕ್ಕದಲ್ಲಿಟ್ಟು ಪುಟಪುಟವೂ ಹೋಲಿಸಿ ಸಹಿ ಹಾಕಬೇಕು. ಫೋನಿನಲ್ಲಿ ‘ಓಕೆ’ ಎಂದು ಒಪ್ಪಿಗೆ ಕೊಟ್ಟ ಕನ್ನಡ ಪುಟದ ಹೊಣೆಯನ್ನು ಈ ಊರಿನಲ್ಲಿ ಬೇರೆ ಯಾರೂ ಹೊರುವುದಿಲ್ಲ.

ಸಂಘಗಳ ಪದಾಧಿಕಾರಿಗಳಿಗೆ ಎರಡು ಕೇಳಿಕೆ. ಒಂದು, ಲೇಖನ ಕೊಡುವ ಕೊನೆಯ ದಿನಾಂಕ ಹಾಕುವಂತೆ ಫೈಲು ಮುಚ್ಚುವ ದಿನಾಂಕವನ್ನೂ ಹಾಕಿ. ಬತುಕಮ್ಮ, ದಸರೆ ಬಂದರೆ ಪ್ರೆಸ್ಸಿನ ಕೆಲಸಗಾರರು ಊರಿಗೆ ಹೋಗುತ್ತಾರೆ, ದೀಪಾವಳಿಯ ರಜೆಯೂ ಇದೇ ಹೊತ್ತಿಗೆ. ಅಕ್ಟೋಬರ್ 31ರ ರಾತ್ರಿ ಅಧ್ಯಕ್ಷರ ಸಂದೇಶ ತಿದ್ದುತ್ತ ಕೂತರೆ ಯಾವ ಯಂತ್ರವೂ ನಮ್ಮನ್ನು ಕಾಪಾಡುವುದಿಲ್ಲ. ಫೈಲಿನ ಕೆಲಸಕ್ಕೆ ಒಬ್ಬರನ್ನೇ ಹೊಣೆ ಮಾಡಿ, ತಿದ್ದುಪಡಿಗಳೆಲ್ಲ ಅವರ ಮೂಲಕವೇ ಹೋಗಲಿ. ಐದು ಜನ ಐದು ಕಡೆಯಿಂದ ಪ್ರೆಸ್ಸಿಗೆ ಫೋನ್ ಮಾಡುವುದರಿಂದಲೇ ಹಳೆಯ ಫೈಲು ಅಚ್ಚಾಗುತ್ತದೆ.

ಇನ್ನೊಂದು, ಅಚ್ಚಾದ ಮೇಲೆ ಫೈಲನ್ನು ಕಳೆಯಬೇಡಿ. ನಿಜಾಮರ ಕಾಲದಿಂದ ಈ ಊರಿನಲ್ಲಿ ಕನ್ನಡ ಬದುಕಿದ್ದರ ದಾಖಲೆ ಹೆಚ್ಚಾಗಿ ಇರುವುದು ಇಂಥ ಸಂಚಿಕೆಗಳಲ್ಲೇ. ನೃಪತುಂಗ ಶಾಲೆಯಲ್ಲಿ ಓದಿದವರ ನೆನಪುಗಳು, ಉಸ್ಮಾನಿಯಾದಲ್ಲಿ ಕನ್ನಡ ಕಲಿಸಿದ ಡಿ.ಕೆ. ಭೀಮಸೇನರಾಯರಂಥವರ ಬಗೆಗಿನ ಬರಹಗಳು ಬೇರೆ ಎಲ್ಲಿ ಸಿಗಬೇಕು? ಪ್ರತಿಗಳು ಹರಿದುಹೋಗುತ್ತವೆ, ಪದಾಧಿಕಾರಿಗಳು ಬದಲಾಗುತ್ತಾರೆ, ಹೊಸಬರು ಎಲ್ಲವನ್ನೂ ಮೊದಲಿನಿಂದ ಶುರು ಮಾಡುತ್ತಾರೆ. ಯೂನಿಕೋಡಿನಲ್ಲಿರುವ ಬರಹ, ಮೂಲ ಫೋಟೊಗಳು, ಬಳಸಿದ ಫಾಂಟು, ಪುಟ ಕಟ್ಟಿದ ಫೈಲು, ಅಚ್ಚಿಗೆ ಹೋದ ಪಿಡಿಎಫ್, ಇಷ್ಟನ್ನೂ ಒಂದೇ ಫೋಲ್ಡರಿನಲ್ಲಿಟ್ಟು ಎರಡು ಕಡೆ ನಕಲು ಇಡಿ. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಂಥ ಹಳೆಯ ಸಂಸ್ಥೆ ಮುಂದೆ ಬಂದು ಎಲ್ಲ ಸಂಘಗಳ ಫೈಲುಗಳಿಗೂ ಒಂದು ಹಾರ್ಡ್ ಡಿಸ್ಕ್ ಇಟ್ಟರೆ ದೊಡ್ಡ ಉಪಕಾರವಾಗುತ್ತದೆ. ಈ ವರ್ಷದ ಸಂಚಿಕೆಯಿಂದಲೇ ಆರಂಭಿಸಬಹುದು. ಫೋಲ್ಡರಿಗೆ ‘ಫೈನಲ್’, ‘ಹೊಸ ಫೈನಲ್’ ಎಂದು ಹೆಸರಿಡದೆ ಸಂಘದ ಹೆಸರು, ವರ್ಷ, ತಾರೀಕು ಬರೆಯಿರಿ.